ಕಪ್ಪತಗುಡ್ಡದ ಬಂಗಾರದ ಬಾವಿ: ನಮ್ಮಲ್ಲಿ ಯಾಕೆ ಒಂದು ಕೆಜಿಎಫ್ ಆಗಲಿಲ್ಲ?

ಶಿರಹಟ್ಟಿ ಸೀಮೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕಪ್ಪತ ಮಲ್ಲಯ್ಯನ ದರ್ಶನಕ್ಕೆ ಗುಡ್ಡ ಹತ್ತಿದ್ದೆವು. ಇಳಿಯುವಾಗ ಕಬಲಾಯತಕಟ್ಟಿ ಕಡೆ ಬಂದೆವು. ಅಲ್ಲೊಂದು ಕಡೆ ಮುಳ್ಳುಕಂಟಿ ಹಚ್ಚಿ ಮುಚ್ಚಿದ ದೊಡ್ಡ ಗುಂಡಿ ಇತ್ತು. ಕಲ್ಲು ಎಸೆದರೆ ಸದ್ದು ಬರೋಕೆ ಸ್ವಲ್ಪ ಹೊತ್ತೇ ಹಿಡಿಯಿತು. ಕುರಿ ಕಾಯುವ ಅಜ್ಜ ಒಬ್ಬರು ಬೈದರು. "ಅದು ಇಂಗ್ಲಿಷರ ಬಂಗಾರದ ಬಾವಿ, ದೂರ ಸರೀರಿ" ಎಂದರು.

ಇಷ್ಟು ವರ್ಷ ಈ ಸೀಮೆಯಲ್ಲೇ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಮನೆಗೆ ಬಂದು ಅಜ್ಜಿಗೆ ಹೇಳಿದೆ. "ನಮ್ಮ ಮುತ್ತಜ್ಜ ಹಳ್ಳದಾಗ ಉಸುಕು ತೊಳೆದು ಬಂಗಾರ ತೆಗೀತಿದ್ದನಂತೆ" ಅಂದಳು, ಮಜ್ಜಿಗೆ ಕಡೆದಷ್ಟೇ ಸಲೀಸಾಗಿ.

ನನ್ನ ಪ್ರಶ್ನೆ ಇಷ್ಟೇ. ಬಂಗಾರ ಇತ್ತು, ಇಂಗ್ಲಿಷರು ಬಂದರು, ಬಾವಿ ತೋಡಿದರು. ಗದಗಕ್ಕೆ 1880ರ ದಶಕದಲ್ಲೇ ರೈಲೂ ಬಂದಿತ್ತು. ಆದರೂ ಕೋಲಾರದ ಹಾಗೆ ಒಂದು ಊರು ಇಲ್ಲಿ ಯಾಕೆ ಏಳಲಿಲ್ಲ? ಒಂದೆರಡು ಮುರಿದ ಗೋಡೆ ಬಿಟ್ಟರೆ ಏನೂ ಉಳಿದಿಲ್ಲ. ತಿಳಿದವರು ಹೇಳಿ.

ಮುಳಗುಂದ ನಾಕಾ

ಕಲ್ಲು ಯಾಕೆ ಎಸೆದಿರಿ ಮಾರಾಯ್ರೇ. ಒಳಗೆ ಕತ್ತೆಕಿರುಬ ಇದ್ದರೆ?

ಬೆಣಚುಕಲ್ಲು

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ನಿಮ್ಮ ಮುತ್ತಜ್ಜ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿದೆ: ಜಲಗಾರಿಕೆ. ಇವತ್ತು ಜಲಗಾರ ಅಂದರೆ ಕಸ ಗುಡಿಸುವವನು ಅಂತ ಮಾತ್ರ ಅರ್ಥ ಮಾಡುತ್ತೇವೆ. ಹಳೆಯ ಅರ್ಥ ಮಣ್ಣು, ಬೂದಿ ತೊಳೆದು ಬಂಗಾರದ ಪುಡಿ ತೆಗೆಯುವವನು. ಕಪ್ಪತಗುಡ್ಡದ ಹಳ್ಳಗಳಲ್ಲಿ, ಅದರಲ್ಲೂ ಸೊರಟೂರು ಕಡೆಯ ಹಳ್ಳದಲ್ಲಿ, ಮಳೆಗಾಲ ಮುಗಿದ ಮೇಲೆ ಇವರು ಉಸುಕು ತೊಳೆಯುತ್ತಿದ್ದರು. ಮರದ ಹರಿವಾಣದಲ್ಲಿ ಉಸುಕು ಹಾಕಿ ನೀರಿನಲ್ಲಿ ತೂಗುವುದು. ಹಗುರ ಮಣ್ಣು ಹರಿದುಹೋಗುತ್ತದೆ. ಕೊನೆಗೆ ಕಬ್ಬಿಣದ ಕಪ್ಪು ಉಸುಕು ಉಳಿಯುತ್ತದೆ. ಅದರ ಅಂಚಿನಲ್ಲಿ ಮಿಣ್ಣಗೆ ಹೊಳೆಯುವ ಎರಡು ಕಣ. ದಿನವಿಡೀ ತೊಳೆದರೆ ಒಂದು ಕೂಲಿ ಗಿಟ್ಟಿದರೆ ದೊಡ್ಡದು.

ರಾಬರ್ಟ್ ಬ್ರೂಸ್ ಫುಟ್ ಅಂತ ಒಬ್ಬ ಸರ್ಕಾರಿ ಭೂವಿಜ್ಞಾನಿ ಇದ್ದರು. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹುಡುಕಿದವರು ಅವರೇ. ಅವರು ಈ ಗುಡ್ಡ ಸುತ್ತಿ, ಇಲ್ಲಿನ ಬಂಗಾರದ ಬಗ್ಗೆ 1874ರಲ್ಲಿ ಬರೆದರು. ಆಗಿನ ಕಾಗದಗಳಲ್ಲಿ ಇದರ ಹೆಸರು ಡಂಬಳದ ಗುಡ್ಡಗಳು. ಮುಂದೆ ಇಂಥ ಹಳೆಯ ಕಲ್ಲಿನ ಪಟ್ಟಿಗೆಲ್ಲ ಅವರು ಇಟ್ಟ ಹೆಸರೇ 'ಧಾರವಾಡ'. ಕೋಲಾರದ ಬಂಗಾರ ಇರುವ ಕಲ್ಲನ್ನೂ ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಅಂದರೆ ಹೆಸರು ನಮ್ಮದು, ಬಂಗಾರ ಅವರದು!

ಪೇಡೆ ಪ್ರಿಯ

ಧಾರವಾಡದವರ ಹಣೆಬರಹವೇ ಅಷ್ಟು. ಹೆಸರು ನಮಗೆ, ಕಂಪನಿ ಬೆಂಗಳೂರಿಗೆ.

ಬೆಣಚುಕಲ್ಲು

😄 ಮುಂದಿನ ಕಥೆ ಕೇಳಿ. 1880ರ ಸುಮಾರಿಗೆ ಲಂಡನ್ನಿನಲ್ಲಿ ಭಾರತದ ಬಂಗಾರದ ಹುಚ್ಚು ಹತ್ತಿತ್ತು. ವಯನಾಡಿನ ಹೆಸರಿನಲ್ಲಿ ಸಾಲು ಸಾಲು ಕಂಪನಿಗಳು ಹುಟ್ಟಿ, ಎರಡು ಮೂರು ವರ್ಷದಲ್ಲಿ ಮುಳುಗಿದವು. ಕೋಲಾರದಲ್ಲೂ ಶುರುವಿಗೆ ಅದೇ ಗತಿ ಆಗುವುದರಲ್ಲಿತ್ತು. ಹಣ ಮುಗಿಯುತ್ತ ಬಂದಾಗ, 1880ರ ದಶಕದ ನಡುವೆ, ಹಳೆಯ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೆ ಚಾಂಪಿಯನ್ ಎಂಬ ಬಂಗಾರದ ಪದರ ಸಿಕ್ಕಿತು. ಆಮೇಲೆ ಹಿಂದೆ ನೋಡಲಿಲ್ಲ.

ಅದನ್ನು ನೋಡಿ ಇಲ್ಲಿಗೂ ಬಂದರು. 1900 ದಾಟಿದ ಮೇಲಿನ ಹತ್ತು ವರ್ಷಗಳಲ್ಲಿ ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿ ಸುತ್ತ ಗಣಿ ತೋಡಿದರು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅದಕ್ಕೇ ಒಂದು ಗಣಿಗೆ ಸಾಂಗಲಿ ಗಣಿ ಅಂತಲೇ ಹೆಸರು. 1911ರ ಹೊತ್ತಿಗೆ ಎಲ್ಲ ಬಂದ್.

ಕಾರಣ ಸರಳ. ಇಲ್ಲಿ ಬೆಣಚುಕಲ್ಲಿನ ಪದರಗಳು ತೆಳ್ಳಗೆ, ತುಂಡು ತುಂಡು. ಸ್ವಲ್ಪ ದೂರ ಚೆನ್ನಾಗಿ ಹೋಗುತ್ತದೆ, ಇದ್ದಕ್ಕಿದ್ದಂತೆ ಮಾಯ. ಎಷ್ಟೋ ಕಡೆ ಬಂಗಾರ ಗಂಧಕ, ಪಾಷಾಣ (ಆರ್ಸೆನಿಕ್) ಇರುವ ಖನಿಜದೊಳಗೆ ಸೇರಿಕೊಂಡಿದೆ. ಸುಮ್ನೆ ಪುಡಿ ಮಾಡಿ ತೊಳೆದರೆ ಕೈಗೆ ಬರುವುದಿಲ್ಲ. ಊರು ಏಳಬೇಕಾದರೆ ಪದರ ಉದ್ದ ಇರಬೇಕು, ಅಲ್ವಾ? ಹತ್ತು ವರ್ಷದ ಗಣಿಗೆ ತಗಡಿನ ಶೆಡ್ ಸಾಕು, ಊರು ಬೇಡ.

ಶಿರಹಟ್ಟಿ ಸೀಮೆ

ಅಬ್ಬಾ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ಕೋಲಾರದಲ್ಲಿ ಎಷ್ಟು ಇತ್ತು ನಿಜವಾಗಿ?

ಬೆಣಚುಕಲ್ಲು

ನಮ್ಮ ಸರಾಫ ಬಜಾರದ ಲೆಕ್ಕದಲ್ಲೇ ಹೇಳುತ್ತೇನೆ. ಈಗಿನ ತೊಲೆ 10 ಗ್ರಾಂ ಅಂತ ಹಿಡಿಯಿರಿ. ಕೆಜಿಎಫ್‌ನಲ್ಲಿ ಶುರುವಿನ ಕಾಲಕ್ಕೆ ಒಂದು ಟನ್ ಕಲ್ಲಿಗೆ 40 ಗ್ರಾಂಗಿಂತ ಜಾಸ್ತಿ ಬಂಗಾರ ಬರುತ್ತಿತ್ತು. ಅಂದರೆ ನಾಲ್ಕು ತೊಲೆಗಿಂತ ಹೆಚ್ಚು. 1990ರ ದಶಕದಲ್ಲಿ ಅದು ಸುಮಾರು 3 ಗ್ರಾಂಗೆ ಇಳಿದಿತ್ತು. ಒಂದು ತೊಲೆಗೆ ಮೂರು ಟನ್‌ಗಿಂತ ಜಾಸ್ತಿ ಕಲ್ಲು ಎತ್ತಬೇಕು. ಅದೂ ಎರಡು ಮೂರು ಕಿಲೋಮೀಟರ್ ಆಳದಿಂದ.

120 ವರ್ಷಗಳಲ್ಲಿ ಒಟ್ಟು ತೆಗೆದದ್ದು ಸುಮಾರು 800 ಟನ್. ಎಂಟು ಕೋಟಿ ತೊಲೆ. ಕೇಳೋಕೆ ದೊಡ್ಡದು. ಆದರೆ ಬಂಗಾರ ಎಷ್ಟು ತೂಕ ಅಂದರೆ, ಅಷ್ಟನ್ನೂ ಕರಗಿಸಿ ಎರಕ ಹೊಯ್ದರೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆ ತುಂಬುತ್ತದೆ. ಅಷ್ಟೇ.

ಮುಳಗುಂದ ನಾಕಾ

ಒಂದು ಕೋಣೆ?! ನಮ್ಮ ಮನೆಯ ದೇವರಮನೆ ಬಿಟ್ಟು ಉಳಿದ ಯಾವ ಕೋಣೆಯಾದರೂ ಕೊಡಲು ಸಿದ್ಧ.

ಹಳೆ ಪಾಸ್‌ಬುಕ್

ತಡವಾಗಿ ಬಂದೆ. ಎಲ್ಲ ಓದಿದೆ.

ನಾನು ಮೂಲತಃ ಧಾರವಾಡದವನು, ಈಗ ಸಪ್ತಾಪುರದಲ್ಲಿ ನಿವೃತ್ತ ಜೀವನ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. 1990ರ ದಶಕದ ಕೊನೆಯಲ್ಲಿ ನನ್ನನ್ನು ರಾಬರ್ಟ್‌ಸನ್‌ಪೇಟೆಗೆ ಹಾಕಿದರು. ಕೆಜಿಎಫ್‌ನ ಬಜಾರಿನ ಊರು ಅದು. ಮೈಸೂರಿನ ರೆಸಿಡೆಂಟ್ ಆಗಿದ್ದ ರಾಬರ್ಟ್‌ಸನ್ ಅವರ ಹೆಸರು ಅದಕ್ಕೆ. ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ಮಾರಿಕುಪ್ಪಂ ಲೈನಿನ ಗಾಡಿ ಹತ್ತಿದೆ. ಕಿಟಕಿಯಿಂದ ನೋಡಿದರೆ ಹಳದಿ-ಬೂದು ಬಣ್ಣದ ಬೋಳು ಗುಡ್ಡಗಳು. ಒಂದು ಹುಲ್ಲುಕಡ್ಡಿ ಇಲ್ಲ. ಎದುರಿಗೆ ಕೂತವರನ್ನು ಇದ್ಯಾವ ಬೆಟ್ಟ ಅಂತ ಕೇಳಿದೆ. "ಸೈನೈಡ್ ಗುಡ್ಡ ಸಾರ್" ಎಂದರು. ಕಲ್ಲು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಬಂಗಾರ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು. ನೂರು ವರ್ಷದ ಮಣ್ಣು. ಬೇಸಿಗೆಯ ಗಾಳಿಗೆ ಅದು ಎದ್ದು ಬಂದರೆ ಬ್ಯಾಂಕಿನ ಲೆಡ್ಜರಿನ ಮೇಲೆ ಬೆರಳಿನಿಂದ ಬರೆಯಬಹುದಿತ್ತು.

ಆ ಊರಿನ ಏಳಿಗೆ ಬಗ್ಗೆ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಿದ್ದರು, ಹೇಳಬೇಕಾದ್ದೇ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಅಲ್ಲಿಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ! ಬೇತಮಂಗಲದಿಂದ ಕೊಳವೆ ನೀರು, ಆಸ್ಪತ್ರೆ, ಕ್ಲಬ್ಬು, ಗಾಲ್ಫ್ ಮೈದಾನ. ಇಂಗ್ಲೆಂಡಿನ ತುಂಡು ಅನ್ನುತ್ತಿದ್ದರು. ಆ ತುಂಡಿನ ಹಿಂದೆ ಲೈನ್ ಮನೆಗಳಿದ್ದವು. ತಮಿಳು ಸೀಮೆಯಿಂದ ಬಂದ ಕೂಲಿಗಳ ಒಂದೇ ಕೋಣೆಯ ಮನೆಗಳ ಸಾಲು. ಒಂದು ಕಾಲಕ್ಕೆ 30,000ಕ್ಕೂ ಜಾಸ್ತಿ ಜನ ಗಣಿಯಲ್ಲಿ ದುಡಿಯುತ್ತಿದ್ದರು.

ಒಮ್ಮೆ ಪರಿಚಯದವರ ಜೊತೆ ಪಾಸ್ ಮಾಡಿಸಿ ಕೆಳಗೆ ಹೋಗಿದ್ದೆ. ಪೂರ್ತಿ ಆಳಕ್ಕೆ ಅಲ್ಲ, ಅರ್ಧಕ್ಕಿಂತ ಮೇಲೇ. ಕೇಜ್ ಅಂದರೆ ಕಬ್ಬಿಣದ ಪಂಜರ. ಗಂಟೆ ಹೊಡೆದರು, ನೆಲ ಕಾಲ ಕೆಳಗಿಂದ ಜಾರಿತು, ಕಿವಿ ಮುಚ್ಚಿತು. ಅಷ್ಟು ಮೇಲಿನ ಮಜಲಿನಲ್ಲೇ ಅಂಗಿ ಹಿಂಡಿದರೆ ನೀರು. ಮೂರು ಕಿಲೋಮೀಟರ್ ದಾಟಿದ ಚಾಂಪಿಯನ್ ರೀಫ್‌ನ ತಳದಲ್ಲಿ ಕಲ್ಲಿನ ಬಿಸಿಯೇ 60 ಡಿಗ್ರಿ ಮೀರುತ್ತದೆ. ತಂಪು ಗಾಳಿಯ ಯಂತ್ರವಿಲ್ಲದೆ ಅಲ್ಲಿ ನಿಲ್ಲೋಕೇ ಆಗದು. ಇನ್ನು 'ಏರ್‌ಬ್ಲಾಸ್ಟ್' ಅಂತ ಒಂದು ಮಾತಿತ್ತು. ಮೇಲಿನ ಭಾರಕ್ಕೆ ಸುರಂಗದ ಗೋಡೆಯ ಕಲ್ಲೇ ಸಿಡಿಯುವುದು. ಅದಾದರೆ ಮೇಲೆ ಮನೆಗಳ ಪಾತ್ರೆ ಅಲುಗುತ್ತಿದ್ದವು. ಹೆಂಗಸರು ಕೆಲಸ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರಂತೆ, ಯಾರು ಮೇಲೆ ಬರುತ್ತಾರೆ ನೋಡಲು.

ಉಳಿದದ್ದು ನಾಳೆ ಬರೆಯುತ್ತೇನೆ. ಕನ್ನಡದಲ್ಲಿ ಟೈಪ್ ಮಾಡೋದು ನನಗೆ ಸ್ವಲ್ಪ ನಿಧಾನ.

ವರದಾ ದಂಡೆ

ದಯವಿಟ್ಟು ಮುಂದುವರಿಸಿ ಸರ್. ಸಿನಿಮಾ ನೋಡಿ ಕೆಜಿಎಫ್ ಅಂದರೆ ಬರೀ ಸುತ್ತಿಗೆ ಮತ್ತು ಗಡ್ಡ ಅಂದುಕೊಂಡಿದ್ದೆ.

ಒಂದು ಸೇರಿಸುತ್ತೇನೆ. ನಮ್ಮ ಹಾವೇರಿ ತಾಲ್ಲೂಕಿನ ಗಣಜೂರಿನಲ್ಲೂ ಬಂಗಾರ ಇದೆ ಅಂತ ಕೊರೆದು ನೋಡಿದ್ದಾರೆ. ಇದೆ ಅಂತಲೂ ಆಯಿತು. ಗಣಿ ಮಾತ್ರ ಶುರುವಾಗಿಲ್ಲ. ಆದರೆ ಗಣಿ ಬರುವ ಮೊದಲೇ ಗಣಿಯ ಮಾತು ಊರನ್ನು ಅಲ್ಲಾಡಿಸುತ್ತದೆ. ಹೊಲದ ಬೆಲೆ ಏರಿತು ಅಂತ ಒಬ್ಬ, ಹೊಲ ಹೋಯಿತು ಅಂತ ಇನ್ನೊಬ್ಬ. ನನ್ನ ಗೆಳೆಯನೊಬ್ಬ ಗಣಿಯಲ್ಲಿ ಕೆಲಸ ಸಿಗುತ್ತದೆ ಅಂತ ಐಟಿಐ ಮುಗಿಸಿ ಕಾದ. ಈಗ ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಚೆನ್ನಾಗಿಯೇ ಇದ್ದಾನೆ ಬಿಡಿ.

ತಾಂಡಾದ ಮಗ

ಎಲ್ಲರೂ ಗಣಿ ಬರಲಿಲ್ಲ ಅಂತ ಸಮಾಧಾನ ಪಡುತ್ತಿದ್ದೀರಿ. ನಾನು ಮುಂಡರಗಿ ಕಡೆಯ ತಾಂಡಾದವನು. ನಮ್ಮಲ್ಲಿ ಸುಗ್ಗಿ ಮುಗಿಯುತ್ತಲೇ ಅರ್ಧ ತಾಂಡಾ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತದೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಗುಡ್ಡದ ಮೇಲೆ ಗಾಳಿ ಪಂಖ ತಿರುಗುತ್ತವೆ, ನಮ್ಮ ಮನೆಯ ಕರೆಂಟ್ ಸಂಜೆ ಹೋಗುತ್ತದೆ. ನಿಮಗೆ ಗುಡ್ಡ ಭಾನುವಾರದ ಟ್ರೆಕ್ಕಿಂಗ್. ನಮಗೆ ಕೆಲಸ ಬೇಕು. ಕೆಜಿಎಫ್ 120 ವರ್ಷ ಅನ್ನ ಹಾಕಿತು. ಅದು ಸಣ್ಣ ಮಾತಾ?

ಡೋಣಿ ಗಾಳಿ

ನಿಮ್ಮ ಸಿಟ್ಟು ಸರಿಯೇ. ಆದರೆ ನಮ್ಮದು ಮಳೆ ಕಡಿಮೆಯ ಸೀಮೆ. ಈ ಗುಡ್ಡದ ಹಳ್ಳಗಳು, ಸುತ್ತಲಿನ ಕೆರೆಗಳು, ಬಾವಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಗಾಳಿ ಎಷ್ಟು ಜೋರು ಅಂತ ಪಂಖ ನೋಡಿದರೇ ಗೊತ್ತು. ಪಾಸ್‌ಬುಕ್ ಸರ್ ಹೇಳಿದ ಸೈನೈಡ್ ಗುಡ್ಡ ಇಲ್ಲಿದ್ದರೆ ಆ ಧೂಳು ಯಾರ ಜೋಳದ ಮೇಲೆ ಕೂರುತ್ತಿತ್ತು? 2015ರಲ್ಲಿ ಸರ್ಕಾರದವರು ಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂದರು, ಮರುವರ್ಷ ಹಿಂದೆ ತೆಗೆದುಕೊಂಡರು, ಜನ ಬೀದಿಗೆ ಇಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ಆ ಧರಣಿಗಳಿಗೆ ನಾನೂ ಹೋಗಿದ್ದೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರಲ್ಲಿ ತಾಂಡಾದವರೂ ಇದ್ದರು.

ತಾಂಡಾದ ಮಗ

ಇದ್ದರು. ನಮ್ಮ ಚಿಕ್ಕಪ್ಪನೇ ಬಂದಿದ್ದ. ಆಮೇಲೆ ಅವನೂ ಗೋವಾಕ್ಕೆ ಹೋದ.

ಪೇಡೆ ಪ್ರಿಯ

ರಾಯಚೂರಿನ ಹಟ್ಟಿ ಮರೆತಿರಾ? ಅಲ್ಲಿ ಗಣಿ ಇವತ್ತಿಗೂ ನಡೆಯುತ್ತಿದೆ, ಊರೂ ಇದೆ, ರಾಜ್ಯ ಸರ್ಕಾರದ ಕಂಪನಿ. ಎಲ್ಲ ಗಣಿ ಊರೂ ಹಾಳಾಗಲೇಬೇಕು ಅಂತ ಏನಿಲ್ಲ.

ಬೆಣಚುಕಲ್ಲು

ಹಟ್ಟಿಯದೂ ಒಮ್ಮೆ ನಿಂತು ಮತ್ತೆ ಎದ್ದ ಗಣಿಯೇ. ಪದರ ಇರುವ ತನಕ, ಬೆಲೆ ಇರುವ ತನಕ ನಡೆಯುತ್ತದೆ. ಊರಿನ ವಯಸ್ಸನ್ನು ಕಲ್ಲು ಬರೆಯುತ್ತದೆ ಅನ್ನೋದು ನನ್ನ ಲೆಕ್ಕ.

ಹಳೆ ಪಾಸ್‌ಬುಕ್

ಇಲ್ಲಿ ನನಗೆ ತಕರಾರಿದೆ ತಂಗಿ. ಕಲ್ಲು ಅರ್ಧ ಬರೆಯುತ್ತದೆ. ಉಳಿದರ್ಧ ಕಾಗದ ಬರೆಯುತ್ತದೆ.

1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಷ್ಟರಲ್ಲಿ ಒಳ್ಳೆಯ ಕಲ್ಲೆಲ್ಲ ಇಂಗ್ಲಿಷರ ಕಾಲದಲ್ಲೇ ಮುಗಿದು ಆಗಿತ್ತು. ತೆಗೆದ ಬಂಗಾರವನ್ನು ಬಹಳ ಕಾಲ ಸರ್ಕಾರಕ್ಕೆ ಹೊರದೇಶದ ದರದಲ್ಲಿ ಕೊಡಬೇಕಿತ್ತು. ಹುಬ್ಬಳ್ಳಿ ಸರಾಫ ಬಜಾರದ ದರ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದ ಕಾಲ ಅದು. ಆಮೇಲೆ ನಷ್ಟ, ನಷ್ಟ ಅಂದರು. ನಷ್ಟ ಇದ್ದದ್ದು ನಿಜ. ಎಲ್ಲವೂ ಕಲ್ಲಿನ ತಪ್ಪಲ್ಲ ಅಂತ ಮಾತ್ರ ಹೇಳುತ್ತೇನೆ.

28 ಫೆಬ್ರವರಿ 2001. ಗಣಿ ಮುಚ್ಚಿದ ದಿನ. ಕೆಲವು ವಾರ ಕೌಂಟರಿನಲ್ಲಿ ಗದ್ದಲ ಏನೂ ಇರಲಿಲ್ಲ. ಆಮೇಲೆ ಪಾಸ್‌ಬುಕ್ಕುಗಳಲ್ಲಿ ಬದಲಾವಣೆ ಕಾಣತೊಡಗಿತು. ಪ್ರತಿ ತಿಂಗಳು ಒಂದೇ ತಾರೀಕಿಗೆ ಬೀಳುತ್ತಿದ್ದ ಜಮಾ ನಿಂತಿತು. ಮುನ್ನೂರು, ಐನೂರು ಅಂತ ಸಣ್ಣ ಸಣ್ಣ ಖರ್ಚು ಮಾತ್ರ ಸಾಲಾಗಿ ಇಳಿಯುತ್ತ ಹೋಯಿತು. ಆಮೇಲೆ ಬಂಗಾರದ ಸಾಲಕ್ಕೆ ಬರತೊಡಗಿದರು. ಇದನ್ನು ಈಗ ಹೇಳುವಾಗಲೂ ಒಂಥರಾ ಆಗುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಬಂಗಾರ ತೆಗೆದ ಮನೆ. ಅಡ ಇಡಲು ತಂದದ್ದು ಒಂದು ಜೊತೆ ಓಲೆ, ಮೂರು ಗ್ರಾಂ. ತಕ್ಕಡಿಗೆ ಹಾಕಿದವನು ನಾನು.

ತಾಂಡಾದ ಮಗ ಅವರೇ, ನಿಮ್ಮ ಮಾತಿಗೆ ಉತ್ತರ ನನ್ನ ಹತ್ತಿರ ಇಲ್ಲ. ಅನ್ನ ಹಾಕಿತು, ಹೌದು. ಆದರೆ ಆ ಊರಿನಲ್ಲಿ ಮನೆ ಕಂಪನಿಯದು, ನೀರು ಕಂಪನಿಯದು, ಆಸ್ಪತ್ರೆ ಕಂಪನಿಯದು. ಪಕ್ಕದಲ್ಲಿ 1964ರಿಂದ ಬೆಮೆಲ್ ಕಾರ್ಖಾನೆ ಇತ್ತು, ಅದು ಎಲ್ಲರನ್ನೂ ಹೊರಲಾರದು. ಗಣಿ ಹೋದ ಮೇಲೆ ಜನ ಊರು ಬಿಡಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ನೋಡಬೇಕು. ಬಾಗಿಲಿಗೆ ಜೋತುಬಿದ್ದು ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಮಲಗಲು ಬರುತ್ತಾರೆ. ಅದೂ ಗುಳೆಯೇ, ದಿನಾ ಹೋಗಿ ದಿನಾ ಬರುವ ಗುಳೆ.

ಪಂಪು ನಿಲ್ಲಿಸಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಆ ಆಳದಲ್ಲೇ ವಿಜ್ಞಾನಿಗಳು 1965ರಲ್ಲಿ ಆಕಾಶದಿಂದ ಬರುವ ನ್ಯೂಟ್ರಿನೋ ಎಂಬ ಕಣದ ಗುರುತು ಹಿಡಿದಿದ್ದರು. ಅಷ್ಟು ಆಳದ ಜಾಗ ಲೋಕದಲ್ಲಿ ಸಿಗುವುದು ಅಪರೂಪ. ಅದೂ ಈಗ ನೀರಿನಲ್ಲಿ.

ತಾಂಡಾದ ಮಗ

ಓದಿದೆ ಸರ್. ಎರಡು ಸಲ ಓದಿದೆ.

ಆದರೂ ಗುಳೆಗೆ ಏನಾದರೂ ಮಾಡಬೇಕು. ಬಂಗಾರ ಬೇಡ ಅನ್ನಿ, ಒಪ್ಪುತ್ತೇನೆ. ಬೇಡ ಅಂದವರು ಅಲ್ಲಿಗೇ ನಿಲ್ಲಬಾರದು.

ಡೋಣಿ ಗಾಳಿ

ಒಪ್ಪಿದೆ. ಬರುವ ಭಾನುವಾರ ಡೋಣಿಗೆ ಬನ್ನಿ. ಗುಡ್ಡದ ಔಷಧಿ ಗಿಡಗಳ ಬಗ್ಗೆ ನಾವು ನಾಲ್ಕು ಜನ ಏನೋ ಮಾಡುತ್ತಿದ್ದೇವೆ. ದೊಡ್ಡದೇನಲ್ಲ. ಚಹಾ ಮಾತ್ರ ಖಂಡಿತ ಇರುತ್ತದೆ.

ಲಕ್ಕುಂಡಿ ಲೊಕ್ಕಿ

ತಡವಾದರೂ ಒಂದು ವಿಷಯ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಇಲ್ಲಿನ ಬಂಗಾರದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತಲೇ ಹೆಸರು, ಶಾಸನಗಳಲ್ಲಿ ಬರುತ್ತದೆ. ಕಪ್ಪತಗುಡ್ಡ ಇಲ್ಲಿಂದ ಕಣ್ಣಳತೆಯ ದೂರ. ಹಳ್ಳದ ಬಂಗಾರ ಟಂಕಸಾಲೆಗೆ ಹೋಗಿತ್ತೋ ಏನೋ, ನಾನಂತೂ ಹೋಗಿತ್ತು ಅಂತಲೇ ಊಹೆ ಮಾಡಿಕೊಂಡು ಸಂತೋಷವಾಗಿದ್ದೇನೆ.

ಮುಳಗುಂದ ನಾಕಾ

ಹಾಗಾದರೆ ನಮ್ಮಲ್ಲೂ ಒಂದು ಬಂಗಾರದ ಊರು ಇತ್ತು. ಗಣಿ ಮುಚ್ಚಿದ್ದಕ್ಕೆ ಬೀಳಲಿಲ್ಲ ಅಷ್ಟೇ. ಗುಡಿಗಳು ಉಳಿದವು, ಬಾವಿಗಳು ಉಳಿದವು.

ಬೆಣಚುಕಲ್ಲು

ಶಿರಹಟ್ಟಿ ಸೀಮೆ ಅವರೇ, ಒಂದು ಕೇಳಬೇಕಿತ್ತು. ನಿಮ್ಮ ಮುತ್ತಜ್ಜನ ಮರದ ಹರಿವಾಣ ಏನಾದರೂ ಮನೆಯಲ್ಲಿ ಉಳಿದಿದೆಯಾ? ಅಟ್ಟದ ಮೇಲೆ ನೋಡಿ. ಆಳ ಕಡಿಮೆ, ಅಗಲ ಜಾಸ್ತಿ, ನಟ್ಟನಡುವೆ ಸಣ್ಣ ಗುಣಿ ಇರಬಹುದು. ಕಣಗಳು ಕೂರುವುದು ಆ ಗುಣಿಯಲ್ಲೇ. ಸಿಕ್ಕರೆ ಫೋಟೋ ಹಾಕಿ.

ಶಿರಹಟ್ಟಿ ಸೀಮೆ

ಎರಡು ದಿನ ಹುಡುಕಿದೆ. ಅಟ್ಟದ ಮೇಲೆ ಮುರಿದ ಕುಂಟೆ, ಇಲಿ ಕಡಿದ ಚೀಲ ಬಿಟ್ಟು ಏನೂ ಇಲ್ಲ. ಬೇಸರದಿಂದ ಕೆಳಗೆ ಬಂದೆ. ಅಜ್ಜಿ ರೊಟ್ಟಿಗೆ ಹಿಟ್ಟು ನಾದುತ್ತ ಕೂತಿದ್ದಳು. ಹಿಟ್ಟು ನಾದುವ ಮರದ ಕೊಣಮಗಿ ನೋಡಿದೆ. ಆಳ ಕಡಿಮೆ, ಅಗಲ ಜಾಸ್ತಿ. ಹಿಟ್ಟು ಸರಿಸು ಅಂದೆ. ನಡುವೆ ಗುಣಿ!

"ಇದು ಮುತ್ತಜ್ಜನದಾ?" ಅಂತ ಕೇಳಿದೆ. "ನಾ ಬಂದಾಗಿನಿಂದ ಇಲ್ಲೇ ಐತಿ" ಅಂದಳು. "ಮತ್ತೆ ಈ ಗುಣಿ?" ಅಂದರೆ, "ಅರವತ್ತು ವರ್ಷ ನಾದಿದರೆ ನಿನ್ನ ತಲಿಗೂ ಗುಣಿ ಬೀಳತೈತಿ, ಸರಿ ಆ ಕಡೆ" ಅಂದಳು.

ಫೋಟೋ ತೆಗೆಯೋಕೆ ಬಿಡಲಿಲ್ಲ. ಹಂಚು ಕಾದಿತ್ತು.